ಒಂಬತ್ತನೆಯ ಗುಂಪಿನ ಸೊನ್ನೆಗಳು

ಮಾರ್ಚ್ ೩, ಸೋಮವಾರ

ನನ್ನ ಪ್ರಯೋಗದ ಒಂಬತ್ತನೆಯ ಗುಂಪು ಇವತ್ತು ಮುಗಿಯಿತು. ಇದೇ ಕೊನೆಯದು, ಇನ್ನು ಬರೆಯುವುದಷ್ಟೇ ಬಾಕಿ. ಈ ತಿಂಗಳ ಮೂವತ್ತೊಂದರೊಳಗೆ ಪಿಎಚ್.ಡಿ. ಪ್ರಬಂಧ ಒಪ್ಪಿಸದಿದ್ದರೆ ನನ್ನ ನೋಂದಣಿ ರದ್ದಾಗುತ್ತದೆ. ಏಳು ವರ್ಷ ನೀರಲ್ಲಿ ಮಾಡಿದ ಹೋಮ. ನಲವತ್ತೆಂಟರ ಹೆಂಗಸಿಗೆ ಇನ್ನೊಂದು ಅವಕಾಶವನ್ನು ಯಾವ ವಿಶ್ವವಿದ್ಯಾಲಯವೂ ಎತ್ತಿಟ್ಟುಕೊಂಡು ಕಾಯುವುದಿಲ್ಲ.

ಮೊದಲ ಎಂಟು ಗುಂಪಿನವರೆಲ್ಲ ನಮ್ಮಲ್ಲಿನ ವಿದ್ಯಾರ್ಥಿಗಳು. ಇವತ್ತಿನವರು ದೊಡ್ಡಾಸ್ಪತ್ರೆಯ ಲಾಂಡ್ರಿಯ ಹದಿನಾರು ಹೆಂಗಸರು. ಬೆಳಗಿನ ಪಾಳಿ ಮುಗಿಸಿ ನೆಟ್ಟಗೆ ಬಂದಿದ್ದರು. ಮೈಮೇಲಿನ ಬಟ್ಟೆಯಿಂದ ಬಿಸಿ ಹತ್ತಿಯ ವಾಸನೆ. ಒಬ್ಬೊಬ್ಬರೂ ಒಂದೊಂದು ರಟ್ಟಿನ ಗೂಡಿನೊಳಗೆ, ಒಂದೊಂದು ಪರದೆಯ ಮುಂದೆ, ಪಕ್ಕದವರು ಕಾಣದ ಹಾಗೆ ಕೂತರು. ಎಂದಿನಂತೆ ನಾನೇ ಎದುರಿಗೆ ನಿಂತು ಸೂಚನೆಗಳನ್ನು ಗಟ್ಟಿಯಾಗಿ ಓದಿದೆ. ಆಟ ಅರ್ಥವಾಗಿದೆಯೇ ಎಂದು ತಿಳಿಯಲು ಮೊದಲು ಹತ್ತು ಪ್ರಶ್ನೆಗಳಿರುತ್ತವೆ. ಹದಿನಾರೂ ಜನ ಹತ್ತಕ್ಕೆ ಹತ್ತು. ವಿದ್ಯಾರ್ಥಿಗಳ ಯಾವ ಗುಂಪೂ ಅಷ್ಟು ಚೆನ್ನಾಗಿ ಬರೆದಿರಲಿಲ್ಲ.

ಆಮೇಲೆ ಇಪ್ಪತ್ತು ಸುತ್ತು ಆಟ. ನನ್ನ ಪರದೆಯ ಮೇಲೆ ಸೊನ್ನೆಗಳು ಬೀಳತೊಡಗಿದವು. ಮುನ್ನೂರ ಇಪ್ಪತ್ತು ಉತ್ತರಗಳಲ್ಲಿ ಮುನ್ನೂರ ಹತ್ತೊಂಬತ್ತು ಸೊನ್ನೆ. ಹದಿಮೂರನೆಯ ಸುತ್ತಿನಲ್ಲಿ ಹನ್ನೊಂದನೆಯ ಗೂಡಿನಿಂದ ಮಾತ್ರ ಒಂದು ‘೧’. ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದು, ಗುಂಡಿ ಒತ್ತಿ, ಡಬ್ಬಿ ಎತ್ತಿಕೊಂಡು ಹೋದರು.

ಹಾಳೆ ಹಿಡಿದು ಮೇಷ್ಟ್ರ ಕೋಣೆಗೆ ಹೋದೆ. ನನ್ನ ಮಾರ್ಗದರ್ಶಕರನ್ನು ವಿಭಾಗದಲ್ಲಿ ಎಲ್ಲರೂ ಹಾಗೆಯೇ ಕರೆಯುವುದು. ಎದುರಿನ ಕುರ್ಚಿಯ ಮೇಲೆ ಕಡತಗಳಿದ್ದವು, ನಿಂತೇ ಇದ್ದೆ.

“ಇದೇನಮ್ಮ, ಕಂಪ್ಯೂಟರ್ ಕೆಟ್ಟಿತ್ತಾ?”

“ಇಲ್ಲ ಸರ್. ಎರಡೆರಡು ಸಲ ನೋಡಿದ್ದೀವಿ.”

“ಹಾಗಾದ್ರೆ ಆಡಿದವರ ತಲೆ ಕೆಟ್ಟಿತ್ತು. ಅರ್ಥಾನೇ ಆಗಿಲ್ಲ ಅವರಿಗೆ. ತೆಗೆದುಬಿಡಿ.”

ಆಗಲಿ ಸರ್ ಅಂದು ಬಂದೆ.

ಟೆರೇಸಿನ ತಂತಿಯನ್ನೆಲ್ಲ ಮೇಲಿನ ಮನೆಯಾಕೆ ಇವತ್ತೂ ಹಿಡಿದಿದ್ದಾಳೆ. ನಮ್ಮ ಬಟ್ಟೆ ಕುರ್ಚಿಗಳ ಬೆನ್ನ ಮೇಲೆ ಒಣಗುತ್ತಿದೆ. ಇರಲಿ, ಅವಳಿಗೆ ಮೂವರು ಮಕ್ಕಳು.

ಮಾರ್ಚ್ ೪, ಮಂಗಳವಾರ

ಅಕ್ಕ ಬೆಳಗಿನ ಕಾಫಿಗೆ ಕೂತಾಗ ಕೇಳಿದಳು: “ರಾತ್ರಿಯೆಲ್ಲ ಸೊನ್ನೆ ಸೊನ್ನೆ ಅಂತ ಕನವರಿಸ್ತಿದ್ದೆ. ಏನು ಕಥೆ?” ಅಕ್ಕ ಮೂವತ್ತೆರಡು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು. ಅವಳಿಗೆ ಅರ್ಧಂಬರ್ಧ ಹೇಳಿದರೆ ಪಾಟೀಸವಾಲು ಶುರುವಾಗುತ್ತದೆ. ಗುಂಡಿಗಳ ಡಬ್ಬಿ ತಂದು ಮೇಜಿನ ಮೇಲೆ ಸುರಿದು ತೋರಿಸಿದೆ.

“ನಿನಗೆ ನೂರು ಬಿಲ್ಲೆ, ನನಗೆ ನೂರು ಬಿಲ್ಲೆ. ನಡುವೆ ನೂರರ ಬಹುಮಾನ. ಅದನ್ನ ಗೆಲ್ಲೋಕೆ ನೀನು ಎಷ್ಟು ಬೇಕಾದ್ರೂ ಹಾಕಬಹುದು, ನಾನೂ ಅಷ್ಟೇ. ಹಾಕಿದ್ದು ಹೋಯ್ತು, ಗೆದ್ರೂ ಸೋತ್ರೂ ವಾಪಸ್ಸಿಲ್ಲ. ನೀನು ಮೂವತ್ತು, ನಾನು ಹತ್ತು ಹಾಕಿದ್ರೆ ನಾಲ್ಕರಲ್ಲಿ ಮೂರು ಪಾಲು ನಿನಗೆ ಬರೋ ಸಂಭವ.”

“ಗೊತ್ತಾಯ್ತು ಬಿಡು. ಕೋರ್ಟು. ಗೆದ್ದವ ಸೋತ, ಸೋತವ ಸತ್ತ.”

ಏಳು ವರ್ಷದ ನನ್ನ ಓದನ್ನು ಅಕ್ಕ ನಾಲ್ಕು ಪದದಲ್ಲಿ ಮುಗಿಸಿದಳು. ಲೆಕ್ಕದ ಪ್ರಕಾರ ಬುದ್ಧಿವಂತರು ಇಪ್ಪತ್ತೈದಕ್ಕಿಂತ ಹೆಚ್ಚು ಹಾಕಬಾರದು. ನಮ್ಮ ಹುಡುಗರು ಹುಡುಗಿಯರು ಸರಾಸರಿ ಐವತ್ತೆರಡು ಹಾಕಿದ್ದಾರೆ. ಅಂದರೆ ನೂರರ ಬಹುಮಾನಕ್ಕೆ ಇಬ್ಬರೂ ಸೇರಿ ನೂರ ನಾಲ್ಕು ಸುಡುತ್ತಾರೆ. ಇದು ಹುಟ್ಟುಗುಣ, ಗೆಲುವಿನ ಹಸಿವು, ಅನ್ನುವುದು ಮೇಷ್ಟ್ರ ವಾದ. ಅವರ ಹೆಸರು ನಿಂತಿರುವುದೇ ಅದರ ಮೇಲೆ.

“ಇಬ್ಬರೂ ಏನೂ ಹಾಕದಿದ್ರೆ?”

“ಕಂಪ್ಯೂಟರ್ ನಾಣ್ಯ ಚಿಮ್ಮಿದ ಹಾಗೆ ಮಾಡಿ ಒಬ್ಬರಿಗೆ ಕೊಡತ್ತೆ. ಇಬ್ಬರದ್ದೂ ನೂರು ನೂರು ಹಾಗೇ ಉಳಿಯತ್ತೆ.”

“ಮತ್ತೆ ಎಲ್ಲರೂ ಹಾಗೇ ಮಾಡಬಹುದಲ್ಲ?”

“ಎದುರಿನವಳು ಸೊನ್ನೆ ಹಾಕ್ತಾಳೆ ಅಂತ ಗೊತ್ತಾದ್ರೆ, ನೀನು ಒಂದೇ ಒಂದು ಬಿಲ್ಲೆ ಹಾಕಿ ಪೂರ್ತಿ ಬಾಚಬಹುದಲ್ಲಕ್ಕ.”

ಅಕ್ಕ ಒಂದು ಗುಂಡಿಯನ್ನು ಬೆರಳಲ್ಲಿ ಹೊರಳಿಸುತ್ತ ಕೂತಳು. “ಹದಿನಾರು ಜನ. ಇಪ್ಪತ್ತು ಸಲ. ಯಾರೂ ಬಾಚಲಿಲ್ವಾ?”

“ಒಬ್ಬಳು. ಒಂದೇ ಸಲ.”

“ಅವರಿಗೆ ಅರ್ಥ ಆಗಿಲ್ಲ ಅಂದವನಿಗೆ ಏನೂ ಅರ್ಥ ಆಗಿಲ್ಲ,” ಅಂದಳು. ಅಕ್ಕನಿಗೆ ಮೇಷ್ಟ್ರನ್ನು ಕಂಡರೆ ಮೊದಲಿಂದಲೂ ಅಷ್ಟಕ್ಕಷ್ಟೆ.

ಮಾರ್ಚ್ ೬, ಗುರುವಾರ

ವಿಭಾಗದ ಸಭೆಯಲ್ಲಿ ಹತ್ತು ಪ್ರಶ್ನೆಗಳ ಉತ್ತರಪತ್ರಿಕೆಗಳನ್ನು ಮುಂದಿಟ್ಟೆ. ಅರ್ಥವಾಗಿತ್ತು ಸರ್ ಅಂದೆ. ಮೇಷ್ಟ್ರು ಒಂದು ಗಳಿಗೆ ನೋಡಿ ನಕ್ಕರು.

“ಹಾಗಾದ್ರೆ ತಪ್ಪು ನಿಮ್ಮದೇ ಅಮ್ಮ. ನಿಮ್ಮದು ಜೋಗುಳದ ದನಿ. ನೀವು ಸೂಚನೆ ಓದಿದ್ರೆ ತೋಳಾನೂ ಮಲಗಿಬಿಡತ್ತೆ. ಜಗಳ ಬೇಡ ಅಂತ ನಿಮ್ಮ ದನೀಲೇ ಇದೆ, ಪಾಪ ಅವರು ನಿಮ್ಮ ಮನಸ್ಸು ನೋಯಿಸಬಾರದು ಅಂತ ಸೊನ್ನೆ ಒತ್ತಿದ್ದಾರೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ಸೂಚನೆಗಳನ್ನು ಕನ್ನಡಿಯ ಮುಂದೆ ನಿಂತು ಓದಿಕೊಂಡೆ. ಇದ್ದರೂ ಇರಬಹುದು. ಇಪ್ಪತ್ತು ವರ್ಷ ಗಟ್ಟಿಯಾಗಿ ಓದಿದ್ದೆಲ್ಲ ಕವಿತೆಯೇ. ನಾಲಗೆಗೆ ಆ ಇಳಿಜಾರು ಅಂಟಿರಬೇಕು. ನನ್ನಿಂದಾಗಿ ಆ ಹೆಂಗಸರಿಗೆ ಕೆಟ್ಟ ಹೆಸರು.

ಮಾರ್ಚ್ ೭, ಶುಕ್ರವಾರ

ಒಂಬತ್ತನೆಯ ಗುಂಪನ್ನು ತೆಗೆದೆ. ಪಟ್ಟಿ ಎಷ್ಟು ಚೊಕ್ಕವಾಗಿ ಕಾಣುತ್ತದೆ.

ಮಾರ್ಚ್ ೮, ಶನಿವಾರ

ವಾಪಸ್ ಹಾಕಿದೆ.

ಮಾರ್ಚ್ ೧೦, ಸೋಮವಾರ

ಲಾಂಡ್ರಿಗೆ ಹೋಗಿದ್ದೆ. ಆಸ್ಪತ್ರೆಯ ನೆಲಮಾಳಿಗೆ. ಒಂದು ಬದಿಯಲ್ಲಿ ಒಗೆಯುವ ಯಂತ್ರಗಳ ಸಾಲು, ಇನ್ನೊಂದು ಬದಿಯಲ್ಲಿ ಒದ್ದೆ ಚಾದರಗಳನ್ನು ನುಂಗಿ ಚಪ್ಪಟೆ ಮಾಡಿ ಉಗುಳುವ ಬಿಸಿ ಉರುಳೆ. ಅದಕ್ಕೆ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ನಿಂತು, ಒಬ್ಬರ ಮುಖ ಒಬ್ಬರು ನೋಡದೆಯೇ ಚಾದರದ ಎರಡು ಮೂಲೆ ಒಟ್ಟಿಗೆ ಎತ್ತಿ ಕೊಡುತ್ತಾರೆ. ಅವರಲ್ಲಿ ಎಲ್ಲರಿಗಿಂತ ಹಿರಿಯಳನ್ನು ದೊಡ್ಡಮ್ಮ ಎನ್ನುತ್ತಾರೆ. ವಿರಾಮದ ಗಂಟೆ ಹೊಡೆದ ಮೇಲೆ ಆಕೆ ಒಂದು ಬಟ್ಟೆಮೂಟೆ ತೋರಿಸಿ ಕೂರಿಸಿದಳು.

“ಆವತ್ತು ಯಾಕೆ ಎಲ್ಲರೂ ಸೊನ್ನೆ ಹಾಕಿದ್ರಿ? ಹೊರಗೆ ಮಾತಾಡಿಕೊಂಡಿದ್ರಾ?”

“ಮಾತಾಡೋಕೆ ಏನಿದೆ? ಅದು ನಮ್ಮ ಬೋರ್ಡೇ ಅಲ್ವಾ!”

ಗೋಡೆಯ ಮೇಲೆ ಹಲಗೆಯೊಂದಿತ್ತು: ತಿಂಗಳ ಉತ್ತಮ ಕೆಲಸಗಾರ್ತಿ. ಬಹುಮಾನ ಒಂದು ದಿನದ ಸಂಬಳಸಹಿತ ರಜೆ.

“ಮೊದಲು ಗಂಟೆಗೆ ನಲವತ್ತು ಚಾದರ ಮಡಿಸ್ತಿದ್ವಿ,” ಎಂದಳು ದೊಡ್ಡಮ್ಮ. “ಈ ಬೋರ್ಡು ಬಂದ ತಿಂಗಳು ನಲವತ್ತೆಂಟು ಮಡಿಸಿದ್ವಿ, ಗೆಲ್ಲಬೇಕಲ್ಲ! ಮುಂದಿನ ತಿಂಗಳು ಮೇಲ್ವಿಚಾರಕ ‘ಇನ್ಮೇಲೆ ನಲವತ್ತೆಂಟೇ ಮಾಮೂಲು’ ಅಂದ. ಆಮೇಲೆ ಐವತ್ತೈದು. ಒಂದು ದಿನದ ರಜಕ್ಕೆ ಮೂವತ್ತು ದಿನ ಓಡೋದು. ನೋಡಿ.” ತೋಳು ಮೇಲೆತ್ತಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಉರುಳೆ ಮುತ್ತಿಟ್ಟ ಗುರುತು.

“ಆಮೇಲೆ?”

“ಆಮೇಲೆ ನಿಂತ್ವಿ. ಎಲ್ಲರೂ ನಲವತ್ತು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಬೈದ. ಸಂಬಳ ಹಿಡೀತೀನಿ ಅಂದ. ಹದಿನಾರು ಜನಾನೂ ಒಟ್ಟಿಗೆ ತೆಗೆದ್ರೆ ಆಸ್ಪತ್ರೆ ಬರೀ ಹಾಸಿಗೆ ಮೇಲೆ ಮಲಗಬೇಕಾಗತ್ತೆ. ಎಲ್ಲರದ್ದೂ ಸಮ ಬಂದಾಗ ಬಹುಮಾನ ಯಾರಿಗೆ ಕೊಡ್ತಾನೆ? ಚೀಟಿ ಎತ್ತಬೇಕು. ಎಂಟು ವರ್ಷದಿಂದ ಎತ್ತುತಾ ಇದಾನೆ, ಪಾಪ, ಅವನ ಕೈಗೂ ಅಭ್ಯಾಸ ಆಗಿದೆ. ಆವತ್ತು ನೀವು ಓದ್ತಿದ್ರಲ್ಲ, ಅರ್ಧಕ್ಕೇ ನನಗೆ ನಗು ತಡೆಯೋಕೆ ಆಗಲಿಲ್ಲ.”

ಆಗ ಗುಂಗುರು ಕೂದಲಿನವಳೊಬ್ಬಳು, ಮೂವತ್ತರ ಆಸುಪಾಸು ಇರಬೇಕು, ಡಬ್ಬಿ ತೊಳೆಯುತ್ತಿದ್ದವಳು ತಿರುಗಿ ನೋಡದೆಯೇ ಅಂದಳು: “ಒಂದು ಹಾಕಿದ್ದು ನಾನೇ.”

“ಯಾಕೆ?”

“ಗೆಲ್ಲತ್ತಾ ನೋಡೋಣ ಅಂತ. ಗೆಲ್ತು.”

“ಮತ್ತೆ ಯಾಕೆ ಹಾಕಲಿಲ್ಲ? ಪ್ರತಿ ಸಲ ಗೆಲ್ಲಬಹುದಿತ್ತಲ್ಲ.”

“ಬಾಗಿಲು ತೆರೆದಿದೆ ಅಂತ ಗೊತ್ತಾದ್ರೆ ನುಗ್ಗಲೇಬೇಕಾ ಮೇಡಂ?”

“ಮಾತು ನೋಡಿ ಇವಳದ್ದು! ಮೊದಲು ತಳ್ಳಿ ನೋಡಿದ್ಯಾಕೆ ಕೇಳಿ!” ದೊಡ್ಡಮ್ಮ ಗದರಿದಳು. “ತಪ್ಪಿಗೆ ಒಂದು ವಾರ ನಮ್ಮೆಲ್ಲರ ಡಬ್ಬಿ ತೊಳೀತಾ ಇದಾಳೆ. ಇವತ್ತಿಗೆ ಮುಗೀತು ಶಿಕ್ಷೆ.”

“ಇವತ್ತಿಗೂ ದೊಡ್ಡಮ್ಮನ ಡಬ್ಬೀಲಿ ಎಣ್ಣೆ ಹೋಗಿಲ್ಲ,” ಅಂದಳು ಗುಂಗುರು ಕೂದಲಿನವಳು.

ಬಸ್ಸಿನಲ್ಲಿ ಕೂತು ಬರುವಾಗ ಎರಡು ನಿಲ್ದಾಣ ಮುಂದಕ್ಕೆ ಹೋಗಿಬಿಟ್ಟಿದ್ದೆ.

ಮಾರ್ಚ್ ೧೧, ಮಂಗಳವಾರ

ಎಲ್ಲವನ್ನೂ ಮೇಷ್ಟ್ರಿಗೆ ಹೇಳಿದೆ. “ಇದು ಬಟ್ಟೆಮೂಟೆ ಮೇಲೆ ಕೂತು ಕೇಳಿದ ಕಥೆ ಅಮ್ಮ, ದತ್ತಾಂಶ ಅಲ್ಲ,” ಅಂದರು. ಮಾತು ಸುಳ್ಳಲ್ಲ. ಆದರೆ ಪ್ರಬಂಧದಲ್ಲಿ ಈ ಗುಂಪು ಇದ್ದರೆ ತಾವು ಸಹಿ ಹಾಕುವುದಿಲ್ಲವೆಂದೂ ಅಂದರು. ಮಾರ್ಗದರ್ಶಕರ ಸಹಿ ಇಲ್ಲದ ಪ್ರಬಂಧವನ್ನು ಕಚೇರಿಯವರು ಮುಟ್ಟುವುದೂ ಇಲ್ಲ.

ನನ್ನ ದನಿಯೇ ದೋಷವಾದರೆ ಬೇರೆ ದನಿಯಲ್ಲಿ ಓದಿಸಿ ಇನ್ನೊಂದು ಗುಂಪು ಆಡಿಸುತ್ತೇನೆ, ಅದೇ ಲಾಂಡ್ರಿಯ ಮಧ್ಯಾಹ್ನದ ಪಾಳಿಯವರನ್ನು ಕರೆಯುತ್ತೇನೆ ಎಂದೆ. “ಮಾಡಿ ನೋಡಿ. ತೋಳ ತೋಳವೇ,” ಅಂದರು. ಎದ್ದು ಬರುವಾಗ, ಕೂರಲೆಂದು ನಾನೇ ಕುರ್ಚಿಯಿಂದ ನೆಲಕ್ಕಿಳಿಸಿದ್ದ ಕಡತಗಳು ಕಾಲಿಗೆ ತಾಗಿ ಚೆಲ್ಲಿದವು. ಹೆಕ್ಕಲು ಹೊತ್ತಿರಲಿಲ್ಲ, ಲಾಂಡ್ರಿಯ ಪಾಳಿ ಬದಲಾಗುವುದರೊಳಗೆ ತಲುಪಬೇಕಿತ್ತು.

ಮಧ್ಯಾಹ್ನದ ಪಾಳಿಯವರು ಒಪ್ಪಿದರು. ದೊಡ್ಡಮ್ಮ ಹೊರಡುವ ಆತುರದಲ್ಲಿ ಏನೋ ಎಚ್ಚರಿಸುತ್ತಿದ್ದಳು: ಇವರೆಲ್ಲ ಗುತ್ತಿಗೆಯವರು, ಬಂದು ನಾಲ್ಕು ತಿಂಗಳಾಯ್ತು, ಒಬ್ಬರ ಹೆಸರು ಒಬ್ಬರಿಗೆ ಬಾಯಿಗೆ ಬರಲ್ಲ ಅಂತ. ನನ್ನ ತಲೆಯಲ್ಲಿ ಶನಿವಾರಕ್ಕೆ ಗೊತ್ತು ಮಾಡಿದ ಆಟ ಮಾತ್ರ ಇತ್ತು.

ಮಾರ್ಚ್ ೧೩, ಗುರುವಾರ

ಅಕ್ಕನಿಗೆ ಓದುವ ತಾಲೀಮು. ಸಾಕ್ಷಿ ಹೇಳಿಕೆಗಳನ್ನು ಮೂವತ್ತೆರಡು ವರ್ಷ ಓದಿ ಹೇಳಿದ ಬಾಯಿ; ಕೊಲೆಯಾದರೂ ಬಾಡಿಗೆ ಬಾಕಿಯಾದರೂ ಒಂದೇ ದನಿ. ಇದಕ್ಕಿಂತ ಸಪ್ಪೆ ದನಿ ದುಡ್ಡು ಕೊಟ್ಟರೂ ಸಿಗುವುದಿಲ್ಲ ಅಂದೆ.

“ಹೊಗಳ್ತಿದ್ದೀಯೋ ಬೈತಿದ್ದೀಯೋ?”

“ಓದಕ್ಕ.”

“‘ನೀವು ಬಯಸಿದಷ್ಟು ಬಿಲ್ಲೆಗಳನ್ನು ಹಾಕಬಹುದು.’ ಪುಟ್ಟಿ, ಇದು ಸರಿ ಇಲ್ಲ. ‘ಹಾಕತಕ್ಕದ್ದು’ ಅಂತಿರಬೇಕು, ಇಲ್ಲಾಂದ್ರೆ ಮೇಲ್ಮನವಿ ಬರತ್ತೆ.”

ಇಬ್ಬರೂ ಬಹಳ ದಿನದ ಮೇಲೆ ಹೊಟ್ಟೆ ಹಿಡಿದು ನಕ್ಕೆವು. ಕವಿತೆಯ ಪುಸ್ತಕ ತಲೆದಿಂಬಿನ ಪಕ್ಕ ಹಾಗೇ ಇದೆ, ಈ ವಾರ ಒಂದು ಪುಟವೂ ತಿರುವಿಲ್ಲ.

ಮಾರ್ಚ್ ೧೫, ಶನಿವಾರ

ಹತ್ತನೆಯ ಗುಂಪು. ಅಕ್ಕ ಓದಿದಳು. ಅಲ್ಪವಿರಾಮವೂ ಅಲುಗಾಡಲಿಲ್ಲ.

ಸರಾಸರಿ ನಲವತ್ತಾರು.

ಮೊದಲ ಸುತ್ತಿನಲ್ಲಿ ಮೂವರು ಸೊನ್ನೆ ಹಾಕಿದ್ದರು. ಎದುರಿದ್ದವರು ಅವರನ್ನು ತುಳಿದು ಹೋದರು. ಮೂರನೆಯ ಸುತ್ತಿಗೆ ಆ ಮೂವರೂ ಅರವತ್ತು, ಎಪ್ಪತ್ತು ಹಾಕತೊಡಗಿದರು. ಅವರ ಮುಖ ನೋಡಲಾಗಲಿಲ್ಲ.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಮಾರ್ಚ್ ೧೭, ಸೋಮವಾರ

ಮೇಷ್ಟ್ರು ಸಿಹಿ ತಿಂದವರ ಹಾಗೆ ಇದ್ದರು. ದನಿ ಬದಲಾಯ್ತು, ಫಲಿತಾಂಶ ಬದಲಾಯ್ತು, ಇನ್ನು ತೆಗೆದುಬಿಡಿ ಅಂದರು. ಗುರುವಾರ ಉತ್ತರ ಹೇಳುತ್ತೇನೆ ಅಂದೆ. ಉತ್ತರ ಎಲ್ಲಿದೆ ಎಂದು ಗೊತ್ತಿರಲಿಲ್ಲ.

ಮಾರ್ಚ್ ೧೮, ಮಂಗಳವಾರ

ಚೂಟಿ ಸಂಜೆ ಮನೆಗೆ ಬಂದಿದ್ದಳು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಪ್ರಯೋಗಶಾಲೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳು. ನನಗೆ ಕಿರಿಯ ಸಹಪಾಠಿ. ಕೂರುವ ಮೊದಲೇ ಶುರು ಮಾಡಿದಳು.

“ಮೇಡಂ, ಬೇಜಾರು ಮಾಡ್ಕೋಬೇಡಿ. ನೀವು ಮೊದಲ ವರ್ಷದವರು ಮಾಡೋ ತಪ್ಪು ಮಾಡಿದ್ದೀರಿ. ದನೀನೂ ಬದಲಾಯಿಸಿದ್ರಿ, ಜನಾನೂ ಬದಲಾಯಿಸಿದ್ರಿ. ಒಂದೇ ಸಲಕ್ಕೆ ಎರಡು ಬದಲಾಯಿಸಿದ್ರೆ ಫಲಿತಾಂಶ ಯಾವುದರಿಂದ ಬಂತು ಅಂತ ಹೇಗೆ ಹೇಳ್ತೀರಿ?”

ತಲೆಯ ಮೇಲೆ ಕೈ ಹೊತ್ತು ಕೂತೆ. ಇದನ್ನೇ ನಾನು ಮೂರು ವರ್ಷ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಹಲಗೆಯ ಮೇಲೆ ಬರೆದು, ಅಡಿಗೆರೆ ಎಳೆದು.

ಅಕ್ಕ ಬಟ್ಟೆ ಮಡಿಸುತ್ತಿದ್ದಳು. “ನನಗೊಂದು ಸಂದೇಹ,” ಅಂದಳು. “ಆ ಹೆಂಗಸರಿಗೆ ಇವಳು ಓದಿದಳು, ಅದಕ್ಕೆ ಅವರು ಮಲಗಿಬಿಟ್ರು ಅಂತ ತಾನೆ ನಿಮ್ಮ ಮೇಷ್ಟ್ರ ಆರೋಪ?”

“ಹೂಂ.”

“ಅದಕ್ಕೆ ಮುಂಚೆ ಎಂಟು ಗುಂಪು ಆಡಿದ್ವಲ್ಲ, ಐವತ್ತೆರಡು ಹಾಕಿದವರು. ಅವರಿಗೆ ಓದಿದ್ದು ಯಾರು?”

ತಲೆಯ ಮೇಲಿನ ಕೈ ಕೆಳಗಿಳಿಸಿದೆ.

“ನಾನೇ,” ಅಂದೆ.

ಚೂಟಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅಕ್ಕ ಮಡಿಸಿದ ಟವೆಲನ್ನು ಗುಡ್ಡೆಯ ಮೇಲಿಟ್ಟು, “ಮುಂದಿನ ಸಾಕ್ಷಿ,” ಅಂದಳು.

ಎಂಟು ಸಲ ಅದೇ ದನಿ, ಅದೇ ಇಳಿಜಾರು. ಯಾವ ತೋಳವೂ ಮಲಗಿರಲಿಲ್ಲ. ಮೇಷ್ಟ್ರು ಹಾಗೆಂದ ಆ ಕ್ಷಣವೇ ಇದನ್ನು ಹೇಳಬಹುದಿತ್ತು. ನಾನು ಕನ್ನಡಿ ಮುಂದೆ ನಿಂತು ನನ್ನ ಗಂಟಲನ್ನು ತಪಾಸಣೆ ಮಾಡಿಕೊಳ್ಳುತ್ತಿದ್ದೆ! ತಪ್ಪು ನಿನ್ನದು ಎಂದು ಯಾರಾದರೂ ಅಂದರೆ ಸಾಕು, ಲೆಕ್ಕ ನೋಡದೆ ತೆಗೆದುಕೊಂಡು ಬಂದುಬಿಡುವ ಚಾಳಿ.

ಮಾರ್ಚ್ ೧೯, ಬುಧವಾರ

ಮಧ್ಯಾಹ್ನದ ಪಾಳಿಯ ಹೊತ್ತಿಗೆ ನೆಲಮಾಳಿಗೆಗೆ ಹೋಗಿ ಬಂದೆ. ಅವರಿಗೂ ಅದೇ ಬಹುಮಾನ, ಬೇರೆ ಬೋರ್ಡು. ಅದರ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ೬೧ ಎಂದು ಬರೆದಿತ್ತು. ಗಂಟೆಗೆ ಅರವತ್ತೊಂದು ಚಾದರ. ಯಾರೂ ತಲೆಯೆತ್ತಿ ನನ್ನನ್ನು ನೋಡಲಿಲ್ಲ. ಉರುಳೆಯ ಎರಡು ಬದಿಯಲ್ಲಿ ನಿಂತವರು ಚಾದರದ ಮೂಲೆಗಾಗಿ ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿದ್ದರು.

ಅದೇ ನೆಲ, ಅದೇ ಯಂತ್ರ, ಅದೇ ಬಹುಮಾನ. ಎಂಟು ವರ್ಷ ಒಟ್ಟಿಗೆ ಸುಟ್ಟುಕೊಂಡು ಒಟ್ಟಿಗೆ ನಿಂತವರು ಒಂದು ಕಡೆ, ನಾಲ್ಕು ತಿಂಗಳ ಅಪರಿಚಿತರು ಇನ್ನೊಂದು ಕಡೆ. ಶನಿವಾರ ನನ್ನನ್ನು ಅಳುವಂತೆ ಮಾಡಿದ ನಲವತ್ತಾರು ನನ್ನ ಪ್ರಬಂಧದಲ್ಲೇ ಎಲ್ಲಕ್ಕಿಂತ ಬೆಲೆಬಾಳುವ ಅಂಕಿ ಎಂದು ಆ ಸದ್ದಿನ ನಡುವೆ ನಿಂತಾಗ ಹೊಳೆಯಿತು. ಸುಡುವುದು ಹುಟ್ಟುಗುಣವಾದರೆ ಬೆಳಗಿನ ಪಾಳಿಯವರು ಮನುಷ್ಯರಲ್ಲವೇ?

ಮಾರ್ಚ್ ೨೦, ಗುರುವಾರ

ಆದ ಮಾತನ್ನೆಲ್ಲ ಆದ ಹಾಗೆಯೇ ಬರೆದಿಡಬೇಕು.

“ದನಿಯ ಮಾತು ನಿಲ್ಲೋದಿಲ್ಲ ಸರ್. ಮೊದಲ ಎಂಟು ಗುಂಪಿಗೂ ನಾನೇ ಓದಿದ್ದು. ಜೋಗುಳ ಕೇಳಿ ಒಬ್ಬರೂ ಮಲಗಲಿಲ್ಲ, ಐವತ್ತೆರಡು ಹಾಕಿದ್ರು.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಆಮೇಲೆ, “ಆಯ್ತು. ಹತ್ತನೇ ಗುಂಪು ಇರಲಿ. ಒಂಬತ್ತನೇದನ್ನ ಅಡಿಟಿಪ್ಪಣಿಗೆ ಹಾಕಿ. ‘ಒಂದು ಗುಂಪು ಅಸಹಜವಾಗಿ ವರ್ತಿಸಿತು’ ಅಂತ ಒಂದು ಸಾಲು. ನಿಮಗೂ ಮರ್ಯಾದೆ, ನನಗೂ ಮರ್ಯಾದೆ,” ಅಂದರು.

“ಅಸಹಜ ಯಾವುದು ಸರ್? ನೂರರ ಬಹುಮಾನಕ್ಕೆ ನೂರ ನಾಲ್ಕು ಸುಡೋದು ಸಹಜಾನಾ?”

“ನಾನು ಮೂವತ್ತು ವರ್ಷ ಇದರ ಬಗ್ಗೆ ಬರೆದಿದ್ದೀನಿ.”

“ಪ್ರತಿ ಸಾಲೂ ಓದಿದ್ದೀನಿ. 'ಮನುಷ್ಯರು' ಅಂತ ನೀವು ಬರೆದ ಕಡೆಯೆಲ್ಲ ಇರೋದು ಒಬ್ಬರಿಗೊಬ್ಬರು ಗೊತ್ತಿಲ್ಲದ ಹತ್ತೊಂಬತ್ತು ವರ್ಷದವರು. ನಾನೂ ಎಂಟು ಗುಂಪಿನವರೆಗೆ ಅದನ್ನೇ ಮಾಡಿದೆ. ಒಟ್ಟಿಗೆ ಬದುಕಿದವರನ್ನ ನಾವಿಬ್ಬರೂ ಒಂದು ಸಲಾನೂ ಕರೆದು ಕೂರಿಸಿರಲಿಲ್ಲ. ಮೊದಲನೇ ಸಲ ಕರೆದಾಗ ಅವರು ಕೊಟ್ಟ ಉತ್ತರ ಇದು. ಅದನ್ನ ಅಡಿಟಿಪ್ಪಣಿಗೆ ಹಾಕೋದಿಲ್ಲ.”

“ದನಿ ಏರಿಸಬೇಡಿ ಅಮ್ಮ.”

“ಏರಿಸಿಲ್ಲ ಸರ್.”

“ಸಹಿ ಹಾಕೋದಿಲ್ಲ ನಾನು.”

“ಸರಿ,” ಅಂದು ಎದ್ದು ಬಂದೆ. ಬಾಗಿಲಾಚೆ ಚೂಟಿ, ಕಚೇರಿಯ ಗುಮಾಸ್ತೆ, ಇಬ್ಬರು ವಿದ್ಯಾರ್ಥಿಗಳು ಸಾಲಾಗಿ ನಿಂತಿದ್ದರು. ಯಾಕೆ ನಿಂತಿದ್ದರೋ ತಿಳಿಯಲಿಲ್ಲ.

ಮೇಷ್ಟ್ರು ಕೆಟ್ಟ ಮನುಷ್ಯರಲ್ಲ. ನಲವತ್ತೊಂದರ ವಯಸ್ಸಿನಲ್ಲಿ ಶಾಲೆಯ ಕೆಲಸ ಬಿಟ್ಟು ಬಂದ ನನ್ನನ್ನು ವಿಭಾಗದ ಉಳಿದ ಮೂವರು ಮಾರ್ಗದರ್ಶಕರು ಬೇಡವೆಂದಾಗ ಸೇರಿಸಿಕೊಂಡವರು. ಅದನ್ನು ಮರೆತಿಲ್ಲ. ಆದರೆ ಆ ಋಣವನ್ನು ಹದಿನಾರು ಜನರ ತಲೆ ಕೊಟ್ಟು ತೀರಿಸಲಾರೆ.

ಮಾರ್ಚ್ ೨೪, ಸೋಮವಾರ

ಐದನೆಯ ಅಧ್ಯಾಯ ಮತ್ತೆ ಮೊದಲಿಂದ. ಹನ್ನೊಂದು ಪುಟ. ‘ಭಾಗವಹಿಸಿದವರು’ ಎಂದಿದ್ದ ಕಡೆಯೆಲ್ಲ ‘ಲಾಂಡ್ರಿಯ ಕೆಲಸಗಾರ್ತಿಯರು’ ಎಂದು ತಿದ್ದಿದೆ. ಎರಡು ಪಾಳಿಗಳ ಅಂಕಿಗಳನ್ನೂ ಎದುರುಬದುರು ಇಟ್ಟೆ. ಒಂದೇ ಗುಂಪಿನಿಂದ ದೊಡ್ಡ ಮಾತು ಹೇಳಲಾಗದು, ಇನ್ನೂ ಹತ್ತು ಕಡೆ ನೋಡಬೇಕು ಎಂದೂ ಬರೆದೆ. ಸತ್ಯಕ್ಕಿಂತ ಒಂದು ಬಿಲ್ಲೆ ಹೆಚ್ಚು ಹಾಕಬಾರದು.

ಬೆಳಿಗ್ಗೆ ಮೇಲಿನ ಮನೆಯಾಕೆಯ ಬಟ್ಟೆಗಳನ್ನು ಅರ್ಧ ತಂತಿಗೆ ಸರಿಸಿ ನಮ್ಮದನ್ನು ಹಾಕಿ ಬಂದೆ. ಚೆನ್ನಾಗಿ ಒಣಗಿವೆ. ಗಂಟಲು ಕಟ್ಟಿದೆ ಮೂರು ದಿನದಿಂದ, ಶೀತವಿರಬೇಕು.

ಮಾರ್ಚ್ ೨೭, ಗುರುವಾರ

ಚೂಟಿ ಬುದ್ಧಿವಂತೆ, ನನ್ನ ಒಳ್ಳೆಯದಕ್ಕೇ ಹೇಳಿದಳು. “ಈಗ ತೆಗೆದು ಸಹಿ ಮಾಡಿಸ್ಕೊಳ್ಳಿ ಮೇಡಂ. ಪದವಿ ಬಂದ ಮೇಲೆ ಆ ಸೊನ್ನೆಗಳ ಬಗ್ಗೆ ಬೇರೆ ಲೇಖನ ಬರೀರಿ. ಯಾರು ಬೇಡ ಅಂತಾರೆ?”

ಒಂದು ದಿನ ಪೂರ್ತಿ ಈ ಮಾತನ್ನು ತೂಗಿದೆ. ಇದರಲ್ಲಿ ಏನೂ ತಪ್ಪಿಲ್ಲ, ಒಂದನ್ನು ಬಿಟ್ಟು: ಪ್ರಬಂಧದ ಮೊದಲ ಪುಟದಲ್ಲಿ ‘ನಾನು ಕಂಡದ್ದೆಲ್ಲ ಇಲ್ಲಿದೆ’ ಎಂದು ನನ್ನ ಕೈಯಾರೆ ಬರೆದು ಕೊಡಬೇಕು.

ಅಕ್ಕನಿಗೆ ನನ್ನನ್ನು ಕೆಣಕುವುದೆಂದರೆ ಖುಷಿ. “ನಿನ್ನ ಲೆಕ್ಕದ ಪ್ರಕಾರ ಇಪ್ಪತ್ತೈದಕ್ಕಿಂತ ಹೆಚ್ಚು ಹಾಕಬಾರದು. ಏಳು ವರ್ಷ, ಕೆಲಸ, ಗಂಟಲು ಎಲ್ಲ ಹಾಕಿ ಕೂತಿದ್ದೀಯಲ್ಲ, ಇದು ಯಾವ ಹಸಿವು?”

“ಬಹುಮಾನಕ್ಕೆ ಹಾಕಿದ್ರೆ ಲೆಕ್ಕ ಕೇಳು ಅಕ್ಕ. ಪದವಿ ಬೇಕಿದ್ರೆ ನಾಳೆ ಬೆಳಿಗ್ಗೆ ಸಿಗತ್ತೆ, ಸೊನ್ನೆ ಖರ್ಚಿಗೆ.”

“ವಕೀಲರ ಹಾಗೆ ಮಾತಾಡ್ತೀಯಲ್ಲೇ!” ಅಂದಳು. ಒಳಗೆ ಹೋಗಿ ಬಿಸಿನೀರು, ಜೇನು ತಂದಿಟ್ಟಳು.

ಮಾರ್ಚ್ ೩೧, ಸೋಮವಾರ

ಬೆಳಿಗ್ಗೆ ಮೇಷ್ಟ್ರ ಕೋಣೆಗೆ ಕೊನೆಯ ಸಲ ಹೋದೆ. ಐದು ಪ್ರತಿ, ಸಲ್ಲಿಕೆಯ ಅರ್ಜಿ. ಅರ್ಜಿಯನ್ನು ಓದಿದರು, ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. “ನೂರ ಹನ್ನೆರಡನೇ ಪುಟದಿಂದ ಹನ್ನೊಂದು ಪುಟ ಕಿತ್ತು ತನ್ನಿ, ಈ ಕ್ಷಣ ಹಾಕ್ತೀನಿ,” ಅಂದರು. ನಮಸ್ಕಾರ ಹೇಳಿ ಎತ್ತಿಕೊಂಡೆ.

ಮೆಟ್ಟಿಲಿನ ಕೆಳಗೆ ಅಕ್ಕ ಕಾಯುತ್ತಿದ್ದಳು. ಖಾಲಿ ಕಾಲಂ ನೋಡಿ, “ಪೆನ್ನು ತೆಗಿ,” ಅಂದಳು. “ಸಮನ್ಸ್ ತಗೊಳ್ಳಲ್ಲ ಅಂತ ಬಾಗಿಲು ಹಾಕ್ಕೊಂಡ್ರೆ, ಕೊಡೋಕೆ ಹೋದ ಕೋರ್ಟಿನ ಅಮೀನ ಏನ್ಮಾಡ್ತಾನೆ ಗೊತ್ತಾ? ‘ಪಡೆಯಲು ನಿರಾಕರಿಸಿದರು’ ಅಂತ ಬರೆದು ದಿನಾಂಕ ಹಾಕಿ ಬರ್ತಾನೆ. ಕೊಟ್ಟಂಗೇ ಲೆಕ್ಕ.”

ಮೆಟ್ಟಿಲ ಮೇಲೆ ಕೂತು, ‘ಮಾರ್ಗದರ್ಶಕರ ಸಹಿ’ ಎಂಬುದರ ಎದುರು ಬರೆದೆ: ‘ಒಂಬತ್ತನೆಯ ಗುಂಪಿನ ಫಲಿತಾಂಶವನ್ನು ಕೈಬಿಡಲು ನಾನು ಒಪ್ಪದ ಕಾರಣ ಸಹಿ ಮಾಡಲು ನಿರಾಕರಿಸಿದ್ದಾರೆ. ೩೧ ಮಾರ್ಚ್, ಬೆಳಿಗ್ಗೆ ೧೦.೪೦.’ ಕೆಳಗೆ ನನ್ನ ಸಹಿ. ಸಾಕ್ಷಿ ಎಂದು ಅಕ್ಕನದೂ.

ಪರೀಕ್ಷಾ ವಿಭಾಗದ ಕಿಟಕಿಯಲ್ಲಿದ್ದಾತ ನಿಧಾನವಾಗಿ ಓದಿದ. ಇನ್ನೊಂದು ಸಲ ಓದಿದ.

“ಮೇಡಂ, ಇದೇನು ಬರೆದಿದ್ದೀರಿ? ಹೀಗೆ ಯಾರೂ ಬರೆಯೋದಿಲ್ಲ.”

“ಬರೆಯಬಾರದು ಅಂತ ನಿಯಮ ಇದೆಯಾ?”

ಆತ ನಿಯಮಾವಳಿಯ ಪುಸ್ತಕ ತೆಗೆದ. ಹಾಳೆ ತಿರುವಿದ. ಪಕ್ಕದ ಮೇಜಿನವರೂ ಬಂದು ಬಗ್ಗಿದರು. “‘ಸಹಿಯ ಕಾಲಂ ಖಾಲಿ ಇರುವ ಅರ್ಜಿಯನ್ನು ಸ್ವೀಕರಿಸತಕ್ಕದ್ದಲ್ಲ’,” ಎಂದು ಓದಿದ.

“ಖಾಲಿ ಇದೆಯಾ?”

ಅವನು ಕಾಲಂ ನೋಡಿದ. ನನ್ನ ಅಕ್ಷರಗಳು ಗೆರೆ ದಾಟಿ ಅಂಚಿನವರೆಗೂ ಹೋಗಿದ್ದವು.

“ಮಂಡಳಿಗೆ ಹೋಗತ್ತೆ ಇದು. ಅವರು ತಿರಸ್ಕರಿಸಬಹುದು ಮೇಡಂ. ಆಮೇಲೆ ನನ್ನನ್ನ ಕೇಳಬೇಡಿ. ಏಳು ವರ್ಷ ಅಂತೀರಿ.”

“ತಿರಸ್ಕರಿಸಲಿ. ಸುಮ್ಮನೆ ತಿರಸ್ಕರಿಸೋಕೆ ಆಗಲ್ಲ, ಕಾರಣ ಬರೀಬೇಕು. ಕಾರಣ ಬರೀಬೇಕಾದ್ರೆ ಓದಬೇಕು.”

ಹಿಂದೆ ಸಾಲಿನಲ್ಲಿದ್ದ ಯಾರೋ, “ಬೇಗ ಆಗಲಿ ಸಾರ್,” ಅಂದರು. ಕಿಟಕಿಯವನು ಮೊಹರಿಗೆ ಶಾಯಿ ಹಚ್ಚಿಕೊಂಡ. ಐದು ಪ್ರತಿಗೂ ಒಂದೊಂದು, ಅರ್ಜಿಗೊಂದು. ಆರು ಸಲ ಮೇಜು ಅದುರಿತು. ಸ್ವೀಕೃತಿ ಚೀಟಿ ಹರಿದು ಕೊಡುವಾಗ ಅವನು ದಿನಾಂಕ ಮಾತ್ರ ಬರೆದಿದ್ದ. ಚೀಟಿಯನ್ನು ಕಿಟಕಿಯೊಳಗೆ ವಾಪಸ್ ತಳ್ಳಿದೆ.

“ಹೊತ್ತೂ ಬರೀರಿ,” ಅಂದೆ. “ಹನ್ನೊಂದು ಇಪ್ಪತ್ತು.”

ಬರೆದ.